ವೈಂಡಿಂಗ್ ಅಂಗಡಿಯ ಅಣ್ಣ

ಎದುರು ಮನೆಯ ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದವನ್ನೆಲ್ಲ ಬುಡಮಟ್ಟ ಕತ್ತರಿಸಿಕೊಳ್ಳುತ್ತಿದ್ದ. ಆ ಒಂದು ಉಗುರು ವಾರ್ನಿಷಿನಲ್ಲಿ ನೆಂದು ನೆಂದು ಹುರಿದ ಕಡಲೆಕಾಯಿ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು. ಮೋಟಾರಿಗೆ ಸುತ್ತುವ ತಾಮ್ರದ ತಂತಿಯ ಮೇಲೆ ತೆಳ್ಳನೆಯ ಲೇಪವೊಂದಿರುತ್ತದೆ. ತುದಿಯನ್ನು ಬೆಸೆಯುವ ಮೊದಲು ಅದನ್ನು ಕೆರೆದು ತೆಗೆಯಬೇಕು. ಅವನ ತಂದೆ ಅದಕ್ಕೆ ಬ್ಲೇಡು ಹಿಡಿಯುತ್ತಿದ್ದರು. ಅಣ್ಣ ಉಗುರಿನಲ್ಲೇ ಕೆರೆಯುತ್ತಿದ್ದ. ಲೇಪ ಎಲ್ಲಿ ಮುಗಿದು ತಾಮ್ರ ಎಲ್ಲಿ ಶುರುವಾಯಿತು ಅನ್ನುವುದು ಬ್ಲೇಡಿಗೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ ಎಂಬುದು ಅವನ ವಾದ.

ಮುಖಕ್ಕಿಂತ ಮೊದಲು ಆ ಉಗುರು ನೆನಪಾಗುವುದಕ್ಕೆ ಕಾರಣವಿದೆ. ನನಗೆ ಕಿವಿ ಮಂದ. ಮಾತಾಡುವವರ ತುಟಿ ನೋಡುತ್ತೇನೆ, ತುಟಿ ನಿಂತ ಮೇಲೆ ಕೈ ನೋಡುತ್ತೇನೆ. ಕಣ್ಣು ನೋಡುವ ಧೈರ್ಯವಿಲ್ಲ. ಇವಳಿಗೆ ಕೇಳಿಸಲಿಲ್ಲ ಅನ್ನುವುದು ಮೊದಲು ಗೊತ್ತಾಗುವುದು ಎದುರಿನವರ ಕಣ್ಣಿನಲ್ಲಿ.

ನಮ್ಮೂರು ತುರುವೇಕೆರೆ. ಅಪ್ಪ ಸುತ್ತಿನ ತೋಟಗಳಿಂದ ಕೊಬ್ಬರಿ ಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕುವವರು. ಎದುರು ಮನೆಯವರದ್ದು ಮೋಟಾರ್ ವೈಂಡಿಂಗ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕೊಳವೆಬಾವಿಯ ಮೋಟಾರು ಸುಟ್ಟುಹೋದರೆ ಸಂಪಿಗೆ ಕಡೆಯಿಂದಲೂ ಅಮ್ಮಸಂದ್ರದ ಕಡೆಯಿಂದಲೂ ರೈತರು ಅದನ್ನು ಆಟೋದಲ್ಲಿ ಹಾಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಬೇಸಿಗೆಯಲ್ಲಿ ಅಂಗಡಿಯ ಮುಂದೆ ಸತ್ತ ಮೋಟಾರುಗಳ ಸಾಲು. ಆ ಮನೆಯ ಹಿರಿಮಗ ಅಣ್ಣ. ಬೆಳಿಗ್ಗೆ ತಿಪಟೂರಿನ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದ, ಬಿ.ಎಸ್ಸಿ. ಸಂಜೆ ಬಂದು ಪ್ಯಾಂಟಿನ ಮೇಲೊಂದು ಲುಂಗಿ ಸುತ್ತಿಕೊಂಡು ತಂತಿ ಸುತ್ತಲು ಕೂರುತ್ತಿದ್ದ. ಅವರ ಮನೆಯಲ್ಲಿ ಅವನಿಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಓದಿ ಏನಾಗುತ್ತೀಯ ಎಂದು ಯಾರಾದರೂ ಕೇಳಿದರೆ ಅವನಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಏನು ಓದುತ್ತಿದ್ದೀಯ ಎಂದು ಕೇಳಿದರೆ ಮಾತ್ರ ಬಿಡಿಸಿಕೊಂಡು ಬರುವುದು ಕಷ್ಟ.

ಅವನ ಕೋಣೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗ ಹಳೇ ಸಾಮಾನುಗಳಿಗಿತ್ತು. ಗಾಜಿನ ವಾಲ್ವುಗಳಿದ್ದ ಮರದ ರೇಡಿಯೋ, ಬೆರಳು ಹಾಕಿ ತಿರುಗಿಸುವ ಕರೀ ಫೋನು, ಹೊಟ್ಟೆ ದಪ್ಪನೆಯ ಟಿ.ವಿ., ಬೆಲ್ಟು ಸಡಿಲವಾದ ಟೇಪ್ ರೆಕಾರ್ಡರುಗಳು, ಕನ್ನಡದ ಒಂದು ಟೈಪ್‌ರೈಟರು. ಎಲ್ಲವೂ ಗುಜರಿಯಿಂದ ಬಂದವು. ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲದಲ್ಲಿ ಅವನು ಆ ಕರೀ ಫೋನಿನ ಗಂಟೆ ಬಾರಿಸುವಂತೆ ಮಾಡಲು ಒಂದು ದಸರೆ ರಜೆಯನ್ನೇ ಕಳೆದ. ಇವೆಲ್ಲ ಯಾಕೆ ಅಂತ ನಾನೊಮ್ಮೆ ಕೇಳಿದ್ದೆ.

"ಇದ್ನ ಬಿಚ್ಚಿದ್ರೆ ಒಳಗೆ ಏನಾಯ್ತೈತೆ ಅಂತ ಕಾಣ್ತೈತೆ ಕಣಮ್ಮ," ಅಂದ. "ಹೊಸಾದ್ರಲ್ಲಿ ಒಂದು ಕರೀ ಅಂಟು ಮೆತ್ತಿರ್ತಾರೆ. ಅದರೊಳಗೇನೈತೆ ಅಂತ ಕೇಳೂ ಹಂಗಿಲ್ಲ."

ನನ್ನ ವಿಷಯಕ್ಕೆ ಬರುತ್ತೇನೆ. ಶಾಲೆಗೆ ಸೇರುವ ಮೊದಲೇ ಬಂದ ಮಿದುಳು ಜ್ವರ ನನ್ನ ಎರಡೂ ಕಿವಿಗಳನ್ನು ಮುಕ್ಕಾಲು ಪಾಲು ಮುಚ್ಚಿಬಿಟ್ಟಿತ್ತು. ನಮ್ಮೂರಿನಲ್ಲೇ ನಡೆದ ಶಿಬಿರವೊಂದರಲ್ಲಿ ನನಗೆ ಕಿವಿ ಮಿಷನ್ ಕೊಟ್ಟರು. ಈಗಿನ ಹುಡುಗರು ಅಂಥದ್ದನ್ನು ನೋಡಿರಲಾರರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೆ ಪೆನ್ಸಿಲ್ ಸೆಲ್ಲು. ಡಬ್ಬಿಯನ್ನು ಪಟ್ಟಿ ಕಟ್ಟಿ ಎದೆಯ ಮೇಲೆ ತೂಗುಹಾಕಿಕೊಳ್ಳಬೇಕು. ಅಲ್ಲಿಂದ ಹೊರಟ ವೈರಿನ ತುದಿಯ ಗುಂಡಿಯನ್ನು ಕಿವಿಗೆ ತುರುಕಿಕೊಳ್ಳಬೇಕು. ಗುಂಡಿ ಸ್ವಲ್ಪ ಸಡಿಲವಾದರೂ ಅದು ಕುಯ್ಯೆಂದು ಕೂಗುತ್ತಿತ್ತು. ಆ ಕೂಗು ನನ್ನನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದಾಗಲೇ ನನಗೆ ಗೊತ್ತಾಗುತ್ತಿದ್ದುದು.

ಹೈಸ್ಕೂಲಿಗೆ ಬಂದ ಮೇಲೆ ನಾನು ಡಬ್ಬಿಯನ್ನು ಬಟ್ಟೆಯ ಒಳಗೆ ಹಾಕಿಕೊಳ್ಳತೊಡಗಿದೆ. ವೈರನ್ನು ಜಡೆಯೊಳಗೆ ಸೇರಿಸಿ ಹೆಣೆಯುವುದನ್ನು ಕಲಿತೆ. ಆದರೆ ಬಟ್ಟೆಯೊಳಗಿನ ಮಿಷನ್ನಿಗೆ ಬಟ್ಟೆಯ ಸದ್ದೇ ಕೇಳಿಸುವುದು. ಉಸಿರೆಳೆದರೆ ಚಾಪೆ ಎಳೆದಂತೆ ಪರಪರ. ಮೇಷ್ಟ್ರ ಮಾತು ಆ ಪರಪರದ ಹಿಂದೆಲ್ಲೋ ಉಳಿದುಹೋಗುತ್ತಿತ್ತು. ಕೇಳಿಸದಿದ್ದರೂ ಆದೀತು, ಕಾಣಿಸಬಾರದು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಕೊನೆಯ ಬೆಂಚಿನಲ್ಲಿ ಕೂತು, ಎಲ್ಲರೂ ನಕ್ಕಾಗ ನಕ್ಕು, ಎಲ್ಲರೂ ಬರೆದಾಗ ಪಕ್ಕದವಳನ್ನು ನೋಡಿ ಬರೆಯುತ್ತಿದ್ದೆ. ಒಮ್ಮೆ ಗೆಳತಿಯೊಬ್ಬಳು ತಬ್ಬಿಕೊಂಡಾಗ ಡಬ್ಬಿ ಅವಳಿಗೆ ಒತ್ತಿತು. ಇದೇನೇ ಅಂದಳು. ಕರಡಿಗೆ ಅಂದೆ. ನಮ್ಮಲ್ಲಿ ಕರಡಿಗೆಯಲ್ಲಿ ಲಿಂಗವಿಟ್ಟು ಕಟ್ಟಿಕೊಳ್ಳುವುದು ಅವಳಿಗೆ ಗೊತ್ತಿತ್ತು, ನಂಬಿದಳು. ಅಜ್ಜಿಗೆ ಗೊತ್ತಾಗಿದ್ದರೆ ಶಿವನ ಹೆಸರಿನಲ್ಲಿ ಸುಳ್ಳು ಹೇಳಿದೆಯಾ ಎಂದು ಕೆನ್ನೆಗೆ ಕೊಡುತ್ತಿದ್ದಳು.

ಎಂಟನೇ ತರಗತಿಯಲ್ಲಿ ಒಂದು ದಿನ ಆ ವೈರು ತುಂಡಾಯಿತು. ತಾನಾಗಿ ತುಂಡಾದದ್ದಲ್ಲ, ನಾನೇ ಕಚ್ಚಿ ತುಂಡು ಮಾಡಿದ್ದೆ. ಮಿಷನ್ ಕೆಟ್ಟರೆ ಅಪ್ಪ ಮತ್ತೊಂದು ಶಿಬಿರ ಬರುವವರೆಗೆ ಸುಮ್ಮನಿರುತ್ತಾರೆ, ಅಷ್ಟು ದಿನ ಎದೆ ಹಗುರ ಎಂಬುದು ನನ್ನ ಲೆಕ್ಕ. ಆದರೆ ಅಜ್ಜಿ ನನ್ನ ಕೈ ಹಿಡಿದು ನೇರ ಎದುರು ಅಂಗಡಿಗೆ ಕರೆದುಕೊಂಡು ಹೋದಳು.

"ಈ ವೈರು ಕಿತ್ತೋಗೈತೆ, ವಸಿ ಬೆಸೆದು ಕೊಡಪ್ಪ," ಅಂದಳು.

ಅಣ್ಣ ವೈರಿನ ತುದಿಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿದ. ಹಲ್ಲಿನ ಗುರುತು ಅವನಿಗೆ ಕಾಣಿಸಿತು. ನನ್ನನ್ನು ಒಮ್ಮೆ ನೋಡಿ ಅಜ್ಜಿಯ ಕಡೆ ತಿರುಗಿ, "ಹಳೇ ವೈರು ಅಜ್ಜಿ, ಹಿಂಗೇ ಕಿತ್ತೋಗ್ತವೆ," ಅಂದ. ಅವನ ತುಟಿ ಓದಿದ ನಾನು ತಲೆ ತಗ್ಗಿಸಿದೆ.

ವೈರು ಬೆಸೆದ ಮೇಲೂ ಅವನು ಡಬ್ಬಿಯನ್ನು ಕೊಡಲಿಲ್ಲ. ನನ್ನ ಅಜ್ಜಿಯ ಅಪ್ಪಣೆ ಪಡೆದು ಹಿಂದಿನ ಮುಚ್ಚಳ ಬಿಚ್ಚಿದ. ಜಾತ್ರೆಯಲ್ಲಿ ಮಕ್ಕಳು ಸಿಹಿ ಅಂಗಡಿಯ ಮುಂದೆ ನಿಂತಂತೆ ಅದರ ಮುಂದೆ ಬಾಗಿದ. ಇದು ಮೈಕು, ಇದು ವಾಲ್ಯೂಮು, ಇಲ್ಲಿ ಟ್ರಾನ್ಸಿಸ್ಟರುಗಳು ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದ. ಆ ಡಬ್ಬಿಯನ್ನು ಯಾರಾದರೂ ಹಾಗೆ ಸಂತೋಷದಿಂದ ನೋಡಿದ್ದು ಅದೇ ಮೊದಲು. ನನಗೆ ಆಗಲೂ ನಾಚಿಕೆಯೇ ಆಯಿತು. ನನ್ನ ಒಳಬಟ್ಟೆಯನ್ನು ಬೀದಿಯಲ್ಲಿ ಹರವಿದಂತೆ ಅನ್ನಿಸಿತು.

ಡಬ್ಬಿಯ ತಲೆಯ ಮೇಲೆ ಪುಟ್ಟ ಸ್ವಿಚ್ಚೊಂದಿತ್ತು. ಶಿಬಿರದವರು ಅದನ್ನು ಮುಟ್ಟಬೇಡ ಎಂದು ಮೇಲೆ ಪ್ಲಾಸ್ಟರು ಅಂಟಿಸಿಕೊಟ್ಟಿದ್ದರು. ಅಣ್ಣ ಪ್ಲಾಸ್ಟರು ಕಿತ್ತ. ಅಡಿಯಲ್ಲಿ ಇಂಗ್ಲಿಷಿನ ಎರಡು ಅಕ್ಷರ, ಎಂ ಮತ್ತು ಟಿ. ಎಂ ಅಂದರೆ ಮೈಕು, ಸರಿ. ಟಿ ಏನು? ಅವನಿಗೆ ಗೊತ್ತಾಗಲಿಲ್ಲ. ಸ್ವಿಚ್ಚನ್ನು ಆ ಕಡೆಗೆ ತಳ್ಳಿ ಕಿವಿಗೆ ಹಾಕಿಕೋ ಎಂದು ಸನ್ನೆ ಮಾಡಿದ.

ಹಾಕಿಕೊಂಡೆ. ಬಟ್ಟೆಯ ಪರಪರ ನಿಂತುಹೋಯಿತು. ಅಂಗಡಿಯ ಸದ್ದು, ಬೀದಿಯ ಸದ್ದು, ಎಲ್ಲವೂ ನಿಂತಿತು. ಅದರ ಬದಲು ಒಂದು ಗೊಂಯ್ ಎಂಬ ನಾದ. ಬೆಂಚಿನ ಮೇಲೆ ತಿರುಗುತ್ತಿದ್ದ ಮೋಟಾರಿನ ಹತ್ತಿರ ಹೋದರೆ ಜೋರು, ಬಾಗಿಲಿಗೆ ಬಂದರೆ ಮೆಲ್ಲಗೆ. ನನಗೆ ತೋರಿದಂತೆ ಬಾಯಲ್ಲಿ ಗೊಂಯ್ ಅಂದು ತೋರಿಸಿದೆ. ಅಣ್ಣ ಮೋಟಾರಿನ ಸ್ವಿಚ್ ಆರಿಸಿದ. ನಾದ ನಿಂತಿತು. ಹಾಕಿದ, ಬಂತು. ಅವನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಕರೆಂಟ್ ಸದ್ದು ಕಣಮ್ಮ ಅದು," ಅಂದ, ನನಗೆ ತಿಳಿಯುವ ಹಾಗೆ ನಿಧಾನವಾಗಿ ತುಟಿ ತೆರೆದು. "ನಮ್ಗೆ ಯಾರ್ಗೂ ಕೇಳಲ್ಲ. ನಿಂಗೊಬ್ಳಿಗೇ ಕೇಳೋದು."

ಆ ಸಂಜೆ ನಾನು ಅವರ ಮನೆಯ ಗೋಡೆಗಳ ಉದ್ದಕ್ಕೂ ಎದೆ ತಾಗಿಸಿಕೊಂಡು ಓಡಾಡಿ, ಗೋಡೆಯೊಳಗೆ ಎಲ್ಲಿ ವೈರು ಹೋಗಿದೆ ಎಂದು ಹೇಳಿದೆ. ಅಣ್ಣ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹಿಂದೆ ಬಂದ. ಅವನ ತಾಯಿ ಗೋಡೆ ಹಾಳಾಯಿತೆಂದು ಬೈದುಕೊಂಡರು. ಬೇರೆಯವರಿಗೆ ಇಲ್ಲದ್ದೊಂದು ನನ್ನಲ್ಲಿದೆ ಅನ್ನಿಸಿದ್ದು ನನ್ನ ಬಾಲ್ಯದಲ್ಲಿ ಆ ಒಂದು ಸಂಜೆ.

ಮುಂದಿನದನ್ನು ಅವನು ಕಾಲೇಜಿನಲ್ಲಿ ವಿಚಾರಿಸಿ, ಪುಸ್ತಕ ತಿರುವಿ ತಿಳಿದುಕೊಂಡ. ಟಿ ಅಂದರೆ ಟೆಲಿಫೋನು. ಡಬ್ಬಿಯೊಳಗೆ ಒಂದು ಪುಟ್ಟ ಸುರುಳಿಯಿದೆ, ಅದಕ್ಕೆ ಗಾಳಿಯ ಸದ್ದು ಬೇಡ, ತಂತಿಯ ಸುತ್ತ ಹುಟ್ಟುವ ಕಾಂತತೆ ಸಾಕು. ಹಾಗಾದರೆ ಒಂದು ಕೋಣೆಯ ಸುತ್ತ ತಂತಿ ಸುತ್ತಿ, ಅದರಲ್ಲಿ ಮಾತನ್ನು ಹರಿಸಿದರೆ? ಅಣ್ಣ ತನ್ನ ಕೋಣೆಯ ಗೋಡೆಗುಂಟ ಮೋಟಾರಿನ ತಂತಿಯನ್ನು ಎಳೆದು, ತುದಿಗಳನ್ನು ಟೇಪ್ ರೆಕಾರ್ಡರಿನ ಸ್ಪೀಕರು ಕಿತ್ತ ಜಾಗಕ್ಕೆ ಬೆಸೆದ. ನಮ್ಮಜ್ಜಿಯನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಕೈಗೆ ಮೈಕು ಕೊಟ್ಟ. ನಾನು ಒಳಗೆ ಮಂಚದ ಮೇಲೆ, ಬಾಗಿಲು ಮುಚ್ಚಿ. ಅಜ್ಜಿಯ ಬಾಯಿ ನನಗೆ ಕಾಣುತ್ತಿರಲಿಲ್ಲ.

ಏನು ಹೇಳಬೇಕೋ ಅಜ್ಜಿಗೆ ತೋಚಿರಲಿಕ್ಕಿಲ್ಲ. ಕೊನೆಗೆ, "ಊಟ ಆಯ್ತಾ ಮಗಾ," ಅಂದಳು.

ಅದು ನನ್ನ ತಲೆಯ ನಡುವೆ ಮಾತಾಡಿದಂತೆ ಕೇಳಿಸಿತು. ತುಟಿ ನೋಡದೆ ನಾನು ಅರ್ಥ ಮಾಡಿಕೊಂಡ ಮೊದಲ ಮಾತು ಅದು. ಅಜ್ಜಿಯ ದನಿ ಒಡಕು ಎಂಬುದೂ ಆವತ್ತೇ ಗೊತ್ತಾಯಿತು. ನಾನು ಹೊರಗೆ ಬಂದು, ಇನ್ನೂ ಆಗಿಲ್ಲ ಅಂದೆ. ಅಜ್ಜಿ ಮೈಕನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಇಲ್ಲಿಗೇ ನಿಂತಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಅಣ್ಣನಿಗೆ ಒಂದು ಚಟವಿತ್ತು. ತನಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗಬೇಕು. ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯ ವಿಜ್ಞಾನ ದಿನಕ್ಕೆ, ಅದೇ ಶಾಲೆಯಲ್ಲಿ ಓದಿದವನೆಂದು ನಮ್ಮ ವಿಜ್ಞಾನದ ಮೇಡಂ ಅವನನ್ನು ಕರೆಸಿದರು. ನನಗೆ ಅವನು ಏನೂ ಹೇಳಿರಲಿಲ್ಲ; ನಾನು ಖುಷಿಪಡುತ್ತೇನೆಂದು ಮುಚ್ಚಿಟ್ಟಿದ್ದನಂತೆ. ತಂತಿಯ ಉಂಡೆ ಹಿಡಿದು ತರಗತಿಗೆ ಬಂದವನು ಕಿಟಕಿಯ ಕಂಬಿಗಳಿಗೆ ಸುತ್ತಿ ಸುತ್ತಿ ಕೋಣೆಯನ್ನೆಲ್ಲ ಬಳಸಿದ. ಕಾಂತ, ಸುರುಳಿ, ಪ್ರವಾಹ ಎಂದು ಬೋರ್ಡಿನ ಮೇಲೆ ಬರೆದು ವಿವರಿಸಿದ. ಕನ್ನಡದಲ್ಲಿ ಅವನಷ್ಟು ಚೆನ್ನಾಗಿ ವಿಜ್ಞಾನ ಹೇಳುವವರನ್ನು ನಾನು ಆಮೇಲೂ ಕಂಡಿಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಮಾತ್ರ ಕೊನೆಯ ಬೆಂಚಿನಲ್ಲಿ ಬೆವರುತ್ತಿದ್ದೆ. ಎಲ್ಲಿಗೆ ಬರುತ್ತಿದ್ದಾನೆಂದು ನನಗೆ ಗೊತ್ತಾಗಿತ್ತು.

ಈ ತಂತಿಯೊಳಗಿನ ಮಾತು ನಮಗೆ ಯಾರಿಗೂ ಕೇಳಿಸುವುದಿಲ್ಲ, ಆದರೆ ನಿಮ್ಮಲ್ಲೇ ಒಬ್ಬರಿಗೆ ಕೇಳಿಸುತ್ತದೆ ಅಂದ. ಆಮೇಲೆ ಕೈ ಚಾಚಿ ನನ್ನನ್ನು ತೋರಿಸಿದ. "ಬಾಮ್ಮ ಮುಂದಕ್ಕೆ, ಮಿಷನ್ ತೆಗ್ದು ತೋರ್ಸು ಎಲ್ರಿಗೂ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ತಿರುಗಿದ ಮುಖಗಳ ತುಟಿಗಳೆಲ್ಲ ಒಟ್ಟಿಗೆ ಅಲ್ಲಾಡತೊಡಗಿದವು. ಅಷ್ಟು ತುಟಿಗಳ ನಡುವೆ ನಾನು ಒಂದನ್ನು ಮಾತ್ರ ಓದಿದೆ, ಆ ಗೆಳತಿಯದ್ದು. "ಕರಡಿಗೆ ಅಂದಿದ್ಯಲ್ಲೇ."

ಎದ್ದು ನಿಲ್ಲಲು ಹೋದೆ. ಜಡೆಯೊಳಗಿನ ವೈರು ಎಳೆದು ಕಿವಿಯ ಗುಂಡಿ ಸಡಿಲವಾಗಿರಬೇಕು, ಎಲ್ಲರೂ ಒಮ್ಮೆಲೇ ಕಿವಿ ಮುಚ್ಚಿಕೊಂಡು ನಗತೊಡಗಿದ್ದರಿಂದ ಅದು ಕೂಗುತ್ತಿದೆ ಎಂದು ತಿಳಿಯಿತು. ನಾನು ಎದೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬೆಂಚಿನ ಮೇಲೆ ತಲೆಯಿಟ್ಟೆ. ಮೇಡಂ ಬಂದು ಬೆನ್ನು ಮುಟ್ಟುವವರೆಗೂ ಏಳಲಿಲ್ಲ. ಎದ್ದಾಗ ಕೋಣೆ ಖಾಲಿಯಾಗಿತ್ತು. ಅಣ್ಣನೊಬ್ಬ ಕಿಟಕಿಯ ಬಳಿ ನಿಂತು ಕಂಬಿಗೆ ಸುತ್ತಿದ ತಂತಿಯನ್ನು ಬಿಚ್ಚುತ್ತಿದ್ದ.

ನಾನು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದೆ. ಅಮ್ಮ ಹೊಡೆದಳು, ಅಪ್ಪ ಸೈಕಲ್ ಕೊಡಿಸುವ ಆಸೆ ತೋರಿಸಿದರು. ಅಣ್ಣ ನಮ್ಮ ಜಗುಲಿಯ ಕೆಳಗೆ ಬಂದು ನಿಂತ, ಮೇಲೆ ಹತ್ತಲಿಲ್ಲ. ಅಜ್ಜಿ ಅವನನ್ನು ನೋಡಿ, "ಹೆಣ್ಣುಮಗೀನ ಎಲ್ರ ಮುಂದೆ ತೋರ್ಸೋ ಸಾಮಾನು ಮಾಡಿದ್ಯಲ್ಲಪ್ಪ," ಅಂದಳು. ಅವನು ಹೌದು ಅನ್ನುವಂತೆ ತಲೆಯಾಡಿಸಿದ. ನಾನು ಕಿಟಕಿಯ ಹಿಂದೆ ಇದ್ದೆ. ಅದು ಅವನಿಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ, ಬೆಳಕು ತುಟಿಯ ಮೇಲೆ ಬೀಳುವಂತೆ ನಿಂತು ಹೇಳಿದ.

"ನಾನು ಮಿಷನ್ ನೋಡ್ದೆ ಕಣಮ್ಮ. ಅದು ಯಾರ ಎದೆ ಮೇಲೈತೆ ಅಂತ ನೋಡ್ಲಿಲ್ಲ."

ಆಮೇಲೆ ತನಗಾದದ್ದನ್ನು ಹೇಳಿದ. ಹಿಂದಿನ ವರ್ಷ ಅವನ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಪ್ರಶ್ನೆ ಅವನಿಗೆ ಅರ್ಥವಾಗಿತ್ತು, ಉತ್ತರವೂ ಗೊತ್ತಿತ್ತು, ಕನ್ನಡದಲ್ಲಿ. ಇಂಗ್ಲಿಷು ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಹೇಳಲು ನಾಚಿಕೆಯಾಗಿ ಸುಮ್ಮನೆ ನಿಂತ. ಅವರು ಎರಡು ಸಲ ಕೇಳಿ, ಪಕ್ಕದ ಹುಡುಗನ ಕಡೆ ತಿರುಗಿ, ಇವನಿಗೇನು ಕಿವುಡಾ ಅಂದರಂತೆ. ಪ್ರಯೋಗಾಲಯವೆಲ್ಲ ನಕ್ಕಿತು. ಆವತ್ತು ಅವನು ತಿಪಟೂರಿನ ಬಸ್‌ಸ್ಟಾಂಡಿನಲ್ಲಿ ಕತ್ತಲಾಗುವವರೆಗೆ ಕೂತಿದ್ದು, ಪರಿಚಯದವರು ಯಾರೂ ಇಲ್ಲದ ಬಸ್ಸು ನೋಡಿ ಹತ್ತಿದ್ದನಂತೆ. ಮನೆಯಲ್ಲಿ ಈವರೆಗೆ ಹೇಳಿರಲಿಲ್ಲ.

"ನಿನ್ ಕಡೆ ಕೈ ತೋರ್ಸಿ ಕರೆಯಾಗ ಅದು ನೆಪ್ಪಾಗ್ಬೇಕಿತ್ತು. ಆಗ್ಲಿಲ್ಲ," ಅಂದು ರಸ್ತೆ ದಾಟಿ ಹೊರಟುಹೋದ.

ನಾನು ಮಾರನೆಯ ದಿನದಿಂದ ಶಾಲೆಗೆ ಹೋದೆ. ಅವನನ್ನು ಕ್ಷಮಿಸಿದ್ದಕ್ಕಲ್ಲ. ಅಷ್ಟು ದೊಡ್ಡವನೂ ನನ್ನ ಹಾಗೆ ಮೂಲೆ ಹುಡುಕಿಕೊಂಡು ಕೂತಿದ್ದ ಎಂಬುದು ತಿಳಿದು, ಒಬ್ಬಳೇ ಕೂತಿರುವುದು ಕಷ್ಟವಾಯಿತು. ಮಿಷನ್ನನ್ನು ಮಾತ್ರ ಮನೆಯಲ್ಲೇ ಬಿಟ್ಟುಹೋಗುತ್ತಿದ್ದೆ. ಆ ವರ್ಷ ಹೇಗೋ ಪಾಸಾದೆ.

ಹತ್ತನೇ ತರಗತಿ ಶುರುವಾದ ದಿನ ವಿಜ್ಞಾನದ ಮೇಡಂ ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಒಳಗೆ ಬಂದರು. ಮೇಜಿನ ಮೇಲೆ ಒಂದು ಪುಟ್ಟ ಸ್ಪೀಕರು. ನನ್ನ ಗಂಟಲು ಕೆಟ್ಟಿದೆ, ಜೋರಾಗಿ ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ, ಈ ವರ್ಷ ಇದರಲ್ಲೇ ಪಾಠ ಎಂದರು. ಎಲ್ಲರಿಗೂ ಅಯ್ಯೋ ಅನ್ನಿಸಿತು. ಮಧ್ಯಾಹ್ನ ನನ್ನನ್ನು ಸ್ಟಾಫ್ ರೂಮಿಗೆ ಕರೆದು, ನಾಳೆಯಿಂದ ಮಿಷನ್ ಹಾಕಿಕೊಂಡು ಬಾ, ಬಟ್ಟೆಯ ಒಳಗೇ ಇರಲಿ, ಸ್ವಿಚ್ಚನ್ನು ಮಾತ್ರ ಟಿ ಕಡೆ ತಳ್ಳಿರು ಎಂದು ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು.

ಮಾರನೆಯ ದಿನ ಮೇಡಂ ಪಾಠ ಶುರು ಮಾಡಿದಾಗ ಅವರ ದನಿ ನನ್ನ ತಲೆಯ ನಡುವೆ ಬಂತು. ಪರಪರ ಇಲ್ಲ, ಬೆಂಚಿನ ಗದ್ದಲವಿಲ್ಲ, ಬರೀ ಅವರ ದನಿ. ನಾನು ಗೋಡೆಗಳನ್ನು ಹುಡುಕಿದೆ. ತಂತಿ ಎಲ್ಲೂ ಕಾಣಿಸಲಿಲ್ಲ. ಗೋಡೆ ನೆಲಕ್ಕೆ ಸೇರುವ ಜಾಗದಲ್ಲಿ ಹೊಸ ಸಿಮೆಂಟಿನ ತೆಳ್ಳನೆಯ ಪಟ್ಟಿಯೊಂದು ಕೋಣೆಯನ್ನು ಸುತ್ತುಹಾಕಿತ್ತು, ಅದರ ಮೇಲೆ ಸುಣ್ಣ. ಬೇಸಿಗೆ ರಜೆಯಲ್ಲಿ ಶಾಲೆ ಖಾಲಿಯಿದ್ದಾಗ, ಅಂಗಡಿಯಲ್ಲಿ ಸುಟ್ಟ ಮೋಟಾರುಗಳು ರಾಶಿ ಬಿದ್ದಿದ್ದಾಗ, ತಂದೆಯ ಬೈಗುಳ ಕೇಳಿಕೊಂಡು ಅಣ್ಣ ಅಲ್ಲಿಗೆ ಹೋಗಿ ನೆಲದ ಮೇಲೆ ಕೂತು ಅದನ್ನು ಮಾಡಿದ್ದ. ಮೇಡಂ ಗಂಟಲಿಗೆ ಏನೂ ಆಗಿರಲಿಲ್ಲ.

ಆ ವರ್ಷವೆಲ್ಲ ಹುಡುಗಿಯರು ಮೇಡಂಗೆ ಜೇನುತುಪ್ಪ, ಜೇಷ್ಠಮಧು ತಂದುಕೊಟ್ಟರು. ಅವರು ನಮ್ಮೆದುರೇ ಅಗಿದು ನುಂಗಿದರು. ಮೈಕು ಸುಲಭವೆಂದು ಬೇರೆ ಮೇಷ್ಟ್ರುಗಳೂ ಅದನ್ನೇ ಬಳಸತೊಡಗಿದರು. ಕೊನೆಯ ಬೆಂಚಿನಲ್ಲಿ ಕೂತೇ ನಾನು ಪಾಠ ಕೇಳಿದೆ. ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ವರ್ಷದ್ದನ್ನು ಮಕ್ಕಳು ಮರೆತರು, ನಾನು ಕಿವಿ ವಾಸಿಯಾಯಿತು ಅಂದೆ, ನಂಬಿದರು. ಮೇಡಂ ಒಮ್ಮೊಮ್ಮೆ ಪಾಠದ ನಡುವೆ ಕೆಮ್ಮುವ ನಟನೆ ಮಾಡುತ್ತಿದ್ದರು. ಆ ಕೆಮ್ಮು ನನ್ನ ತಲೆಯೊಳಗೆ ಬೀಳುವಾಗೆಲ್ಲ ನಾನು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ.

ಅಣ್ಣನ ಹತ್ತಿರ ಹೋಗಿ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ಯಾರ್ಗೂ ಹೇಳ್ಬೇಡ ಅಣ್ಣ." ಅವನು ಕೆರೆಯುತ್ತಿದ್ದ ತಂತಿಯಿಂದ ತಲೆಯೆತ್ತದೆ ಹೂಂ ಅಂದ.

ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾಗಿದ್ದರಿಂದ ಅವನ ಡಿಗ್ರಿ ತಡವಾಯಿತು. ಅಷ್ಟರಲ್ಲಿ ತಂದೆಯ ಕಣ್ಣು ಮಂಜಾಗಿ ಅಂಗಡಿ ಅವನ ಮೇಲೆ ಬಿತ್ತು. ಕೊನೆಗೂ ಪಾಸು ಮಾಡಿದ, ಆದರೆ ಮುಂದೆ ಓದಲಿಲ್ಲ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹಂದನಕೆರೆಯ ಕಡೆ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾದೆ. ಕೆಲಸ ಸಿಕ್ಕಿದ್ದು ಅಂಗವಿಕಲರ ಮೀಸಲಾತಿಯಲ್ಲಿ. ಹೆಡ್‌ಮಾಸ್ಟರನ್ನು ಬಿಟ್ಟರೆ ಶಾಲೆಯಲ್ಲಿ ಅದು ಯಾರಿಗೂ ತಿಳಿಯದಂತೆ ನೋಡಿಕೊಂಡೆ. ಮೊದಲ ಸಂಬಳಗಳಲ್ಲಿ ಕೊಂಡದ್ದು ಕಿವಿಯ ಹಿಂದೆ ಅಡಗುವ ಹುಣಸೆ ಬೀಜದಷ್ಟೇ ಇರುವ ಮಿಷನ್ನು. ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟರೆ ಯಾರಿಗೂ ಕಾಣಿಸದು. ಮಕ್ಕಳ ಉತ್ತರ ಕೇಳಿಸದಿದ್ದರೆ, ಧೈರ್ಯವಾಗಿ ಹೇಳು, ಯಾಕೆ ಹೆದರುತ್ತೀಯ ಎಂದು ಅವರನ್ನೇ ಗದರುತ್ತಿದ್ದೆ.

ಹೊಸ ಮಿಷನ್ನನ್ನು ಅಣ್ಣನಿಗೆ ತೋರಿಸಿದ್ದೆ. ಅಂಗೈಯಲ್ಲಿಟ್ಟುಕೊಂಡು ಉಗುರಿನಿಂದ ಸಂದು ಹುಡುಕಿದ, ಬಿಚ್ಚುವ ಜಾಗ ಸಿಗಲಿಲ್ಲ. "ಇದ್ರಲ್ಲಿ ನಾನು ನೋಡೋದು ಏನೂ ಇಲ್ಲ ಕಣಮ್ಮ. ನೀನು ಕೇಳು, ಸಾಕು," ಎಂದು ವಾಪಸು ಕೊಟ್ಟ. ಸ್ವಲ್ಪ ಬೇಜಾರಾದಂತೆ ಕಂಡಿತು.

ಅವನಿಗೆ ಮದುವೆಯಾದದ್ದು ಅದರ ನಂತರ. ಅತ್ತಿಗೆ ಚಿಕ್ಕನಾಯಕನಹಳ್ಳಿಯವರು, ದರ್ಜಿಯೊಬ್ಬರ ಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ವಾರದ ಕೊನೆಗೆ ಮಾತ್ರ ಊರಿಗೆ ಬರುತ್ತಿದ್ದುದರಿಂದ ಅವರೊಂದಿಗೆ ಒಡನಾಟ ಹೆಚ್ಚು ಬೆಳೆಯಲಿಲ್ಲ. ಎದುರಾದರೆ ನಗುತ್ತಿದ್ದೆವು.

ಕೊರೊನಾದ ಎರಡನೇ ಅಲೆಯಲ್ಲಿ ಅಣ್ಣನಿಗೆ ಉಸಿರು ಕಟ್ಟಿತು. ಅಂಗಡಿ ಮುಚ್ಚಿಸಿದ್ದರೂ ತೋಟ ಒಣಗುತ್ತದೆಂದು ಅಂಗಲಾಚಿ ಬಂದವರ ಮೋಟಾರುಗಳನ್ನು ಹಿಂಬಾಗಿಲಿನಲ್ಲಿ ರಿಪೇರಿ ಮಾಡಿಕೊಡುತ್ತಿದ್ದ. ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅವನ ತಮ್ಮನೂ ಅದೇ ಕಾಯಿಲೆಯಲ್ಲಿ ಮನೆಯಲ್ಲಿ ಮಲಗಿದ್ದ. ಟೀಚರುಗಳಿಗೆ ಕೊರೊನಾ ಡ್ಯೂಟಿ ಹಾಕಿದ್ದರಿಂದ ನನ್ನ ಹತ್ತಿರ ಓಡಾಡುವ ಪಾಸಿತ್ತು. ಅತ್ತಿಗೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ರಂಜಾನ್ ತಿಂಗಳು, ಅವರು ಉಪವಾಸವಿದ್ದರು. ಆಸ್ಪತ್ರೆಯ ಗೇಟಿನಾಚೆ ಮರವೊಂದರ ಬುಡದಲ್ಲಿ ಅವರನ್ನು ಕೂರಿಸಿ ನಾನು ಗೇಟಿನ ಬಳಿ ನಿಂತೆ.

ಅಲ್ಲಿ ಯಾರಿಗೂ ತುಟಿ ಇರಲಿಲ್ಲ. ಎಲ್ಲರ ಬಾಯಿಗೂ ಮುಖಗವಸು. ಒಳಗಿನಿಂದ ಒಬ್ಬ ಬಂದು ಹೆಸರು ಕೂಗುತ್ತಿದ್ದ, ಜನ ನುಗ್ಗುತ್ತಿದ್ದರು. ಆ ಗದ್ದಲದಲ್ಲಿ ನನ್ನ ಹುಣಸೆ ಬೀಜಕ್ಕೆ ಏನೂ ಸಿಕ್ಕಲಿಲ್ಲ. ಮತ್ತೆ ಬಂದು ಏನೋ ಕೂಗಿದ. ಯಾರೂ ಮುಂದೆ ಹೋಗಲಿಲ್ಲ. ಎಲ್ಲರೂ ಅತ್ತಿತ್ತ ನೋಡಿದರು. ಅದು ಅಣ್ಣನ ಹೆಸರಾಗಿದ್ದರೆ? ಪಕ್ಕದವರನ್ನು ಕೇಳಬೇಕು. ಕೇಳಿದರೆ ನನ್ನ ಕಿವುಡು ಬಯಲಾಗುತ್ತದೆ. ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಹೇಗಿದ್ದೆನೋ ಹಾಗೆಯೇ ಇದ್ದೆ.

ಆಮೇಲೆ ಗೇಟಿನ ಕಂಬಿ ಹಿಡಿದು ಕೂಗಿದೆ. "ನಂಗೆ ಕಿವಿ ಕೇಳಲ್ಲ. ಯಾರ ಹೆಸರು ಅಂತ ಬಾಯಿ ಕಾಣೋ ಹಂಗೆ ಹೇಳಿ."

ಎಷ್ಟು ಜೋರಾಗಿ ಕೂಗಿದೆನೋ ನನಗೆ ತಿಳಿಯದು. ಜನವೆಲ್ಲ ತಿರುಗಿ ನೋಡಿತು. ಅತ್ತಿಗೆ ಮರದ ಬುಡದಿಂದ ಎದ್ದು ಬಂದರು. ಆ ಮನುಷ್ಯ ಹಿಂದಕ್ಕೆ ಸರಿದು, ಮುಖಗವಸನ್ನು ಗಲ್ಲಕ್ಕಿಳಿಸಿ, ಅಣ್ಣನ ಹೆಸರನ್ನು ನಿಧಾನವಾಗಿ ಹೇಳಿದ. ಆಮೇಲೆ, "ಹೋಗ್ಬಿಟ್ರು ಕಣಮ್ಮ," ಅಂದ. ಒಂದೇ ಸಲಕ್ಕೆ ಓದಿದೆ.

ಊರಿನ ಖಬರಸ್ತಾನದಲ್ಲಿ ಕವಚ ತೊಟ್ಟ ಹುಡುಗರು ಮಣ್ಣು ಮಾಡಿದರು. ನಾವು ದೂರದ ರಸ್ತೆಯಲ್ಲಿ ನಿಂತಿದ್ದೆವು.

ಕೆಲವು ವಾರಗಳ ಮೇಲೆ ಎದುರು ಮನೆಗೆ ಹೋದೆ. ಗಂಡ ತೀರಿದ ಮೇಲಿನ ಇದ್ದತ್ತಿನ ದಿನಗಳು, ಅತ್ತಿಗೆ ಹೊರಗೆ ಬರುವಂತಿರಲಿಲ್ಲ, ಒಳಕೋಣೆಯಲ್ಲಿ ಕೂತಿದ್ದರು. ಆವತ್ತು ಗೇಟಿನ ಹತ್ತಿರ ನೀವು ಹೇಳಿದ್ದು ನಿಜವಾ ಎಂದು ಕೇಳಿದರು. ನಾನು ಕೂದಲು ಸರಿಸಿ ತೋರಿಸಿದೆ.

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ," ಅಂದರು. "ಮದ್ವೆ ಆಗಿ ಬಂದ ಹೊಸ್ದ್ರಲ್ಲಿ ಬಾಗ್ಲಲ್ಲಿ ನಿಂತು ಎಷ್ಟೋ ಸಲ ನಿಮ್ಮನ್ನ ಕರ್ದಿದೀನಿ. ನೀವು ತಿರುಗ್ತಾನೇ ಇರ್ಲಿಲ್ಲ. ಗೌರ್ಮೆಂಟ್ ಕೆಲ್ಸ, ಜಂಬ ಅಂದ್ಕಂಡಿದ್ದೆ. ಇವರತ್ರನೂ ಹೇಳ್ದೆ."

ಅಣ್ಣ ಏನಂದ ಎಂದು ಕೇಳಿದೆ.

"ಕಿವಿ ವಿಷ್ಯ ಎತ್ಲೇ ಇಲ್ಲ. ಇನ್ನೊಂದು ಸಲ ಕರಿ ಅಂದ್ರು. ಯಾವಾಗ ದೂರು ಹೇಳಿದ್ರೂ ಅಷ್ಟೇ ಅನ್ನೋರು. ಇನ್ನೊಂದು ಸಲ ಕರಿ."

ನಾನು ತಲೆ ತಗ್ಗಿಸಿದೆ. ಅತ್ತಿಗೆ ಮತ್ತೇನೋ ಅಂದರು. ತುಟಿ ನೋಡದೆ ಇದ್ದುದರಿಂದ ತಿಳಿಯಲಿಲ್ಲ. ತಲೆಯೆತ್ತಿ, "ಕೇಳಿಸಲಿಲ್ಲ ಅತ್ತಿಗೆ, ಮತ್ತೆ ಹೇಳಿ," ಅಂದೆ.